ತಾವಾಗಿಯೇ ಬದಲಾಗುತ್ತಿದ್ದ ಅರವತ್ತೆರಡು ಪೆಟ್ಟಿಗೆಗಳು

ಪೀಣ್ಯ ಎರಡನೇ ಹಂತದ ಆ ಪಂಪು ಕಾರ್ಖಾನೆಯಲ್ಲಿ ವೇಣಿ ಎಲ್ಲಿದ್ದಾಳೆಂದು ತಿಳಿಯಬೇಕಾದರೆ ತಲೆ ಎತ್ತಿ ನೋಡಬೇಕು. ದಿನದ ಅರ್ಧ ಹೊತ್ತು ಅವಳು ಏಣಿಯ ಮೇಲೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಸ್ಕ್ರೂಡ್ರೈವರನ್ನು ಬಾಯಲ್ಲಿ ಕಚ್ಚಿಕೊಂಡು, ಛಾವಣಿಯ ಕಬ್ಬಿಣದ ತೊಲೆಗೆ ಕೂರಿಸಿದ ಬಿಳಿ ಪೆಟ್ಟಿಗೆಯೊಂದನ್ನು ಬಿಚ್ಚುತ್ತಲೋ ಜೋಡಿಸುತ್ತಲೋ ಇರುತ್ತಾಳೆ. ಕೆಳಗೆ ಲೇತ್ ಯಂತ್ರದ ಮುಂದಿನ ಗಂಡಸರು, "ವೇಣಿ ಬಂದ್ಲು, ಏಣಿ ಬಂತು" ಎಂದು ರಾಗ ಎಳೆದರೆ, "ಇನ್ನೊಂದ್ ಸಲ ಹಾಡಿ, ಸ್ಪ್ಯಾನರೂ ಬರುತ್ತೆ" ಎಂದು ಮೇಲಿನಿಂದಲೇ ಉತ್ತರ.

ಆ ಬಿಳಿ ಪೆಟ್ಟಿಗೆಗಳು ಒಟ್ಟು ಅರವತ್ತೆರಡು. ಆಕ್ಸೆಸ್ ಪಾಯಿಂಟ್ ಎನ್ನುತ್ತಾರೆ. ಕಾರ್ಖಾನೆಯ ವೈಫೈ ಹೊರಡುವುದು ಅವುಗಳಿಂದ. ಉಗ್ರಾಣದಲ್ಲಿ ಸರಕಿನ ಚೀಟಿ ಓದುವ ಕೈ ಸ್ಕ್ಯಾನರುಗಳಿಗೂ, ಜೋಡಣೆಯ ಸಾಲಿನಲ್ಲಿರುವ ಟ್ಯಾಬುಗಳಿಗೂ ಅವೇ ಆಸರೆ. ಈ ಅರವತ್ತೆರಡಕ್ಕೂ ಒಬ್ಬ ಯಜಮಾನ ಉಂಟು. ಸರ್ವರ್ ಕೋಣೆಯಲ್ಲಿ ಕೂತಿರುವ ಕಂಟ್ರೋಲರ್. ಯಾವ ಪೆಟ್ಟಿಗೆ ಯಾವ ಚಾನೆಲ್ಲಿನಲ್ಲಿ ಮಾತಾಡಬೇಕು, ಎಷ್ಟು ಜೋರಾಗಿ ಮಾತಾಡಬೇಕು ಎಂಬುದೆಲ್ಲ ಅದರ ಅಪ್ಪಣೆ. ಅಕ್ಕಪಕ್ಕದ ಪೆಟ್ಟಿಗೆಗಳು ಒಂದೇ ಚಾನೆಲ್ ಹಿಡಿದರೆ ಸಂತೆಯ ಗದ್ದಲದಂತೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸದೆ ಸ್ಕ್ಯಾನರುಗಳು ಒದ್ದಾಡುತ್ತವೆ.

ವೇಣಿ ಇದನ್ನು ಯಾವ ಕಾಲೇಜಿನಲ್ಲೂ ಕಲಿತವಳಲ್ಲ. ನಾಗಸಂದ್ರದ ಹಳೇ ಊರಿನವಳು. ಪಿಯುಸಿ ಮುಗಿಸಿ ಹತ್ತೊಂಬತ್ತನೆಯ ವಯಸ್ಸಿಗೆ ಇದೇ ಕಾರ್ಖಾನೆಯ ಮುಂಬಾಗಿಲಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದಳು. ನೆಟ್‌ವರ್ಕ್ ಕೆಟ್ಟಾಗ ಹೊರಗಿನಿಂದ ಇಂಜಿನಿಯರ್ ಬರುತ್ತಿದ್ದರು. ಅವರ ಏಣಿ ಹಿಡಿಯಲು ಯಾರೂ ಸಿಗದಿದ್ದಾಗ ಇವಳು ಹೋಗಿ ಹಿಡಿದಳು. ಹಿಡಿದವಳು ಸುಮ್ಮನಿರಲಿಲ್ಲ. ಅದೇನು ಸಾರ್, ಇದ್ಯಾಕೆ ಸಾರ್ ಎಂದು ಕೇಳಿದಳು. ಹೇಳಿದ್ದನ್ನು ಮನೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಇಂಗ್ಲಿಷಿನ ದಪ್ಪ ಕೈಪಿಡಿಯನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆರಡು ಪುಟದಂತೆ ಓದಿದಳು. ಹೀಗೆ ಏಳು ವರ್ಷ ಕಳೆದ ಮೇಲೆ ಒಂದು ದಿನ ಇಂಜಿನಿಯರ್ ಬರುವುದು ತಡವಾಯಿತು. ಅವರು ಬಂದು ನೋಡುವಾಗ ಕೆಲಸ ಮುಗಿದಿತ್ತು. ಅಂದಿನಿಂದ ಏಣಿ ಅವಳದಾಯಿತು. ಈಗ ಅವಳಿಗೆ ಮೂವತ್ತಾರು.

ಈ ವರ್ಷ ಹಳೆಯ ಕಂಟ್ರೋಲರ್ ತೆಗೆದು ಹೊಸದನ್ನು ತರಿಸಿದಾಗ, ಬದಲಿಸುವ ಕೆಲಸವನ್ನು ಐಟಿ ಮ್ಯಾನೇಜರ್ ಹರ್ಷವರ್ಧನ್ ಅವಳಿಗೇ ಒಪ್ಪಿಸಿದರು. ಹರ್ಷವರ್ಧನ್ ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ಬೆಳೆದವರು, ವೇಣಿಗಿಂತ ಚಿಕ್ಕವರು, ಮಾತು ಕಡಿಮೆ. ಒಂದು ಭಾನುವಾರ ಬೆಳಿಗ್ಗೆ ಒಳಗೆ ಹೋದ ವೇಣಿ ಸಂಜೆಯ ಹೊತ್ತಿಗೆ ಅರವತ್ತೆರಡು ಪೆಟ್ಟಿಗೆಗಳನ್ನೂ ಹೊಸ ಯಜಮಾನನ ಕೈಗೆ ಕೊಟ್ಟು ಹೊರಬಂದಳು. ಸ್ಕೂಟರ್ ಕೆಟ್ಟಿದ್ದರಿಂದ ಬಸ್ಸಿಗೆ ಕಾಯುವಾಗ ಯಾರಿಗಾದರೂ ಹೇಳಬೇಕೆನಿಸಿ, ಪಕ್ಕದಲ್ಲಿ ನಿಂತ ಗುರುತಿಲ್ಲದ ಹೆಂಗಸಿಗೆ, "ಅಕ್ಕಾ, ಇವತ್ತು ನಾನೊಂದು ದೊಡ್ಡ ಕೆಲಸ ಮಾಡ್ದೆ" ಎಂದಳಂತೆ.

ಆ ಸಂಭ್ರಮ ಐದು ದಿನ ಬಾಳಿತು.

ಶುಕ್ರವಾರ ಬೆಳಿಗ್ಗೆ ಮಹಡಿಯ ಮೇಲಿನ ವಾರದ ಮೀಟಿಂಗಿನಲ್ಲಿದ್ದಾಗ ಉಗ್ರಾಣದ ಶೈಲಾಳಿಂದ ಫೋನ್ ಬಂತು. ಉಗ್ರಾಣದ ಉಸ್ತುವಾರಿ ಶೈಲಾ ವೇಣಿಗೆ ಹತ್ತು ವರ್ಷದ ಗೆಳತಿ. ಅವಳು ಮೆಲ್ಲಗೆ ಮಾತಾಡಿದ್ದನ್ನು ಕೇಳಿದವರಿಲ್ಲ.

"ವೇಣೀ! ನಿನ್ನ ಪೆಟ್ಟಿಗೆಗಳಿಗೆ ದೆವ್ವ ಹಿಡಿದಿದೆ ಕಣೇ! ಒಂದು ಸ್ಕ್ಯಾನರೂ ಕೆಲಸ ಮಾಡ್ತಿಲ್ಲ, ಗೇಟಲ್ಲಿ ಮೂರು ಲಾರಿ ನಿಂತಿದಾವೆ!"

ವೇಣಿ ಲ್ಯಾಪ್‌ಟಾಪ್ ತೆರೆದಳು. ಹೊಸ ಕಂಟ್ರೋಲರಿನ ಪರದೆಯ ಮೇಲೆ ಅರವತ್ತೆರಡು ಪೆಟ್ಟಿಗೆಗಳೂ ನಾಪತ್ತೆ. ಏಣಿ ಹೊತ್ತು ಕೆಳಗೆ ಓಡಿ ನೋಡಿದರೆ ಒಂದೊಂದರಲ್ಲೂ ಹಸಿರು ದೀಪ ನೆಮ್ಮದಿಯಾಗಿ ಉರಿಯುತ್ತಿತ್ತು. ಜೀವಂತ ಇವೆ, ಮಾತಾಡುತ್ತಿವೆ, ಇವಳೊಂದಿಗೆ ಮಾತ್ರ ಮಾತು ಬಿಟ್ಟಿವೆ! ಅರ್ಧ ಗಂಟೆ ಕಳೆಯುವುದರೊಳಗೆ ಎಲ್ಲ ತಾವಾಗಿಯೇ ಪರದೆಗೆ ಮರಳಿದವು. ಮರಳಿದವುಗಳ ಚಾನೆಲ್‌ಗಳೆಲ್ಲ ಬದಲಾಗಿದ್ದವು. ಬದಲಿಸಿದವರ ಹೆಸರು ದಾಖಲೆಯಲ್ಲಿ ಎಲ್ಲೂ ಇರಲಿಲ್ಲ. ಹಳೆಯ ಕಂಟ್ರೋಲರ್ ಏನಾದರೂ? ಸರ್ವರ್ ಕೋಣೆಗೆ ಹೋಗಿ ನೋಡಿದಳು. ಮತ್ತೆ ಬೇಕಾದರೆ ಇರಲೆಂದು ಕಪಾಟಿನ ಕೆಳಸಾಲಿನಲ್ಲೇ ಬಿಟ್ಟಿದ್ದ ಅದು, ತಾನು ಕೈಯಾರೆ ಆರಿಸಿದಂತೆಯೇ ಕತ್ತಲಾಗಿ ಕೂತಿತ್ತು.

ಒಂದು ಸಲವಾಗಿದ್ದರೆ ಕರೆಂಟಿನ ಮೇಲೆ ಹಾಕಬಹುದಿತ್ತು. ಐದು ವಾರದಲ್ಲಿ ಐದು ಸಲ ಆಯಿತು. ಪ್ರತಿ ಸಲವೂ ಅರವತ್ತೆರಡನ್ನು ಒಂದೊಂದಾಗಿ ಸರಿಪಡಿಸುವುದು, ಪ್ರತಿ ಸಲವೂ ಹಳೆಯ ಕಂಟ್ರೋಲರನ್ನು ನೋಡಿ ಬರುವುದು, ಪ್ರತಿ ಸಲವೂ ಅದು ಆರಿಯೇ ಇರುವುದು.

ಬುಧವಾರ ಹರ್ಷವರ್ಧನ್ ಕರೆಸಿದರು.

"ವೇಣಿ ಮೇಡಂ, ಕೂತ್ಕೊಳ್ಳಿ. ಸೋಮವಾರ ಹೆಡ್ ಆಫೀಸಿಂದ ಬರ್ತಿದಾರೆ, ಈ ವೈಫೈ ವಿಷಯಕ್ಕೇ. ನಾನೇನು ಹೇಳ್ಲಿ ಅವರಿಗೆ?"

"ಹುಡುಕ್ತಾ ಇದೀನಿ ಸಾರ್."

"ಕಂಟ್ರೋಲರಿನ ಪಾಸ್‌ವರ್ಡ್ ಇರೋದು ಇಬ್ಬರ ಹತ್ರ. ನಾನು ಮುಟ್ಟಿಲ್ಲ. ದಾಖಲೆ ಅಳಿಸೋಕೆ ಆಗೋದೂ ಇಬ್ಬರಿಗೇ." ಅವರು ಕಣ್ಣೆತ್ತಲಿಲ್ಲ. "ತಪ್ಪಾಗಿದ್ರೆ ಹೇಳ್ಬಿಡಿ. ಯಾರ್ ಬೇಕಾದ್ರೂ ಮಾಡ್ತಾರೆ. ಆದ್ರೆ ಮುಚ್ಚಿಟ್ಕೊಂಡು ರಿಪೇರಿ ಮಾಡ್ತಿದೀರಿ ಅಂತ ಅವರಿಗೆ ಅನುಮಾನ ಬಂದಿದೆ. ಸೋಮವಾರದೊಳಗೆ ಕಾರಣ ಸಿಗ್ಲಿಲ್ಲ ಅಂದ್ರೆ ನೆಟ್‌ವರ್ಕ್ ಕೆಲಸ ಹೊರಗಿನ ಕಂಪನಿಗೆ ಹೋಗುತ್ತೆ. ನಿಮಗೆ ಮತ್ತೆ ರಿಸೆಪ್ಷನ್."

ವೇಣಿ ಎದ್ದು ಬಂದಳು. ರಿಸೆಪ್ಷನ್ನಿನ ಮೇಜು ಅವಮಾನದ ಜಾಗವಲ್ಲ, ಅಲ್ಲಿ ಕೂತೇ ಅನ್ನ ಉಂಡವಳು. ಆದರೆ ಹದಿನೇಳು ವರ್ಷ ಒಂದೊಂದೇ ಮೆಟ್ಟಿಲು ಹತ್ತಿ ಕಲಿತದ್ದನ್ನು ಬೇರೆಯವರು ಬಂದು ಕಿತ್ತುಕೊಂಡು, ಅದೂ ಸುಳ್ಳಿ ಎಂಬ ಹೆಸರು ಹೊರಿಸಿ ಇಳಿಸುವುದೆಂದರೆ? ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡಳು. ಅಳು ಬರಲಿಲ್ಲ, ಹಟ ಬಂತು.

ಮರುದಿನ ಸಂಜೆ ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚಿ, ನೆಲದ ಮೇಲೆ ಕೂತು, ಐದು ಬಾರಿಯ ದಿನ ಮತ್ತು ಹೊತ್ತನ್ನು ಒಂದು ಹಾಳೆಯ ಮೇಲೆ ಬರೆದಳು. ನಾಲ್ಕು ಶುಕ್ರವಾರ. ಶುಕ್ರವಾರವೇ ಎನ್ನೋಣವೆಂದರೆ ನಡುವೆ ಒಂದು ಶುಕ್ರವಾರ ಏನೂ ಆಗಿಲ್ಲ, ಮತ್ತು ಒಂದು ಮಂಗಳವಾರ ಸುಮ್ಮನೆ ನುಗ್ಗಿದೆ. ಎಲ್ಲವೂ ಬೆಳಿಗ್ಗೆ ಒಂಬತ್ತೂವರೆಯ ನಂತರ. ಹತ್ತೂವರೆ ದಾಟಿದ್ದು ಒಂದೂ ಇಲ್ಲ. ಯಂತ್ರಕ್ಕೆ ಬುದ್ಧಿಭ್ರಮಣೆಯಾದರೆ ಹೀಗೆ ಗಡಿಯಾರ ನೋಡಿಕೊಂಡು ಆಗುತ್ತದೆಯೆ?

ಅವಳ ತಾಯಿ ಮುನಿಯಕ್ಕ ಅವರೆಕಾಯಿ ಸುಲಿಯುತ್ತ ಪಕ್ಕದಲ್ಲಿ ಕೂತಿದ್ದರು. "ಅದೇನವ್ವ, ಅಂಗೆ ಗುರಾಯಿಸ್ತಾ ಇದೀಯ?"

"ನಮ್ಮ ಪೆಟ್ಟಿಗೆಗಳು ಕೆಟ್ಟ ದಿನ ಅಮ್ಮ. ಎಲ್ಲಾ ಶುಕ್ರವಾರ. ಈ ಇಪ್ಪತ್ತಮೂರನೇ ತಾರೀಖು ಮಂಗಳವಾರ ಒಂದು ಯಾಕೆ ಅಂತ ಗೊತ್ತಾಗ್ತಿಲ್ಲ."

"ಅವತ್ತು ಅಮಾಸೆ ಅಲ್ವಾ. ನಿನ್ ಸ್ಕೂಟ್ರಿಗೆ ನಿಂಬೆಣ್ಣು ಕಟ್ಟಿದ್ನಲ್ಲ, ಕಿತ್ತಾಕ್ಬ್ಯಾಡ ಅಂತ ಬೈದಿದ್ದೆ."

ವೇಣಿಯ ಪೆನ್ನು ನಿಂತುಹೋಯಿತು. ಗೋಡೆಯ ಕ್ಯಾಲೆಂಡರಿಗೆ ಹಾರಿದಳು. ಇಪ್ಪತ್ತಮೂರರ ಮನೆಯಲ್ಲಿ ಕರಿ ಚುಕ್ಕೆ. ಅಮಾವಾಸ್ಯೆ! ಶುಕ್ರವಾರ, ಅಮಾವಾಸ್ಯೆ. ಮತ್ತೆ ಹತ್ತೂವರೆ? ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಅದಕ್ಕೆ ಮುಂಚೆ ಮುಗಿಸಬೇಕಾದ್ದು ಏನು?

"ಪೂಜೆ!" ಎಂದು ಅವಳು ಕೂಗಿದ ರಭಸಕ್ಕೆ ಮುನಿಯಕ್ಕನ ಮಡಿಲಿನ ಅವರೆಕಾಳು ಚೆಲ್ಲಾಪಿಲ್ಲಿಯಾಯಿತು.

"ಇಂಗ್ಯಾಕೆ ಕಿರುಚ್ತೀಯೆ, ನನ್ನೆದೆ ಒಡೀತು!"

"ಅಮ್ಮಾ, ವಾರದ ಪೂಜೆ ಅಮ್ಮಾ! ಕಾರ್ಖಾನೆ ಪೂಜೆ!"

ಪೀಣ್ಯದಲ್ಲಿ ಶುಕ್ರವಾರದ ಪೂಜೆ ಇಲ್ಲದ ಶೆಡ್ ಹುಡುಕುವುದು ಕಷ್ಟ. ಯಂತ್ರಗಳಿಗೆ ಕುಂಕುಮ, ಹೂವು, ಊದುಬತ್ತಿ, ಕರ್ಪೂರದ ಆರತಿ, ಅಮಾವಾಸ್ಯೆಗೂ ಅಷ್ಟೆ. ನಿತ್ಯ ಉಸಿರಾಡುವ ಗಾಳಿಯಂತೆ ಅದು ಸುತ್ತ ಇರುತ್ತದೆ, ಆದ್ದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ. ಇವರ ಕಾರ್ಖಾನೆಯಲ್ಲಿ ಆರತಿ ತಟ್ಟೆ ಹಿಡಿಯುವವರು ಶುಚಿ ಕೆಲಸದ ವಸಂತಮ್ಮ. ವೇಣಿ ಹಾಳೆಯ ಮೇಲಿನ ಖಾಲಿ ಶುಕ್ರವಾರವನ್ನು ನೋಡಿದಳು. ಆ ವಾರ ವಸಂತಮ್ಮ ಮೊಮ್ಮಗಳ ನಾಮಕರಣಕ್ಕೆ ಊರಿಗೆ ಹೋಗಿದ್ದರು. ಮರಳಿ ಬಂದು ಎಲ್ಲರಿಗೂ ಕಡಲೆ, ಸಕ್ಕರೆ ಅಚ್ಚು ಹಂಚಿದ್ದರು. ಆದರೆ ಕುಂಕುಮ ಹಚ್ಚಿದರೆ ಚಾನೆಲ್ ಬದಲಾಗುವುದು ಹೇಗೆ? ಅದನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು. ನಾಳೆಯೇ ಶುಕ್ರವಾರ.

ಬೆಳಿಗ್ಗೆ ಮೊದಲು ಉಗ್ರಾಣಕ್ಕೆ ಹೋದಳು. "ಶೈಲಾ, ಒಂಬತ್ತೂವರೆಯಿಂದ ಒಂದು ಗಂಟೆ ಸ್ಕ್ಯಾನರ್ ನಂಬಬೇಡ. ಕಾಗದದ ಮೇಲೆ ಬರ್ಕೊಂಡು ಲಾರಿ ಬಿಡು."

ಶೈಲಾ ಕಣ್ಣು ಕಿರಿದು ಮಾಡಿದಳು. "ಸ್ಕ್ಯಾನರ್ ಸಾಯೋ ಟೈಮು ನಿಂಗೆ ಮೊದಲೇ ಗೊತ್ತಾ? ಹಂಗಾದ್ರೆ ನೀನೇ ಕಣೇ ಕೊಲೆಗಾತಿ!"

"ನಿನ್ನ ಬಾಯಿಗೆ ಅವಲಕ್ಕಿ ಹಾಕ. ಮೆಲ್ಲಗೆ ಮಾತಾಡು, ನಿಂಗೆ ಪುಣ್ಯ ಬರುತ್ತೆ."

ಮೀಟಿಂಗಿಗೆ ಬರುವುದಿಲ್ಲವೆಂದು ಹೇಳಿ, ಸರ್ವರ್ ಕೋಣೆಗೆ ಹೋಗಿ ಮೂಲೆಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಳು. ಎಸಿಯ ಚಳಿಗೆ ಬೆರಳು ಮರಗಟ್ಟುತ್ತಿದ್ದವು. ಪರದೆಯ ಮೇಲೆ ಅರವತ್ತೆರಡು.

ಒಂಬತ್ತು ಮೂವತ್ತೈದಕ್ಕೆ ಬಾಗಿಲು ತೆರೆಯಿತು. ತಟ್ಟೆ ಹಿಡಿದ ವಸಂತಮ್ಮ ಒಳಗೆ ಬಂದವರು ಬೆಚ್ಚಿದರು.

"ಅಯ್ಯೋ ನನ್ನವ್ವ! ಇಲ್ಯಾಕಮ್ಮ ಮುದುರ್ಕೊಂಡು ಕೂತಿದೀಯ? ಇಲಿ ಹಿಡೀತಿದೀಯಾ?"

"ಹೂಂ ವಸಂತಮ್ಮ, ಅಂಥದ್ದೇ ಒಂದು ಹಿಡಿಯೋದಿದೆ. ನೀವು ನಿಮ್ಮ ಪೂಜೆ ಮಾಡಿ, ನಾನು ಇಲ್ಲ ಅಂದ್ಕೊಳ್ಳಿ."

ವಸಂತಮ್ಮ ಕಪಾಟಿನ ಮುಂದೆ ಕೂತರು. ಮೇಲಿನ ಸಾಲಿನಲ್ಲಿ ಮಿನುಗುತ್ತಿದ್ದ ಹೊಸ ಕಂಟ್ರೋಲರಿನ ಕಡೆ ನೋಡಲೂ ಇಲ್ಲ. ಬಾಗಿ, ಕೆಳಸಾಲಿನ ಹಿಂಬದಿಗೆ ಕೈ ಹಾಕಿ, ಮನೆಯ ಮಿಕ್ಸಿ ಹಚ್ಚುವಷ್ಟು ಸಲೀಸಾಗಿ ಏನನ್ನೋ ಒತ್ತಿದರು. ಹಳೆಯ ಕಂಟ್ರೋಲರಿನ ಫ್ಯಾನು ಗುಂಯ್ ಎಂದು ಎದ್ದಿತು. ದೀಪಗಳು ಒಂದೊಂದಾಗಿ ಕಣ್ಣು ಬಿಟ್ಟವು.

ವೇಣಿ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದಳು. ಈಗ ತಡೆದರೆ ಉಗ್ರಾಣ ಉಳಿಯುತ್ತದೆ, ಸಾಕ್ಷಿ ಉಳಿಯುವುದಿಲ್ಲ. ಸುಮ್ಮನೆ ಕೂತಳು. ವಸಂತಮ್ಮ ಕುಂಕುಮವಿಟ್ಟರು, ಒಂದು ಸೇವಂತಿಗೆ ಏರಿಸಿದರು, ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಬೇಡಿಕೊಂಡು ಆರತಿ ಎತ್ತಿ, ಹೊರಗಿನ ಯಂತ್ರಗಳ ಕಡೆ ಹೊರಟರು.

ಎಂಟು ನಿಮಿಷ. ಪರದೆಯ ಮೇಲೆ ಅರವತ್ತೆರಡು ಅರವತ್ತೊಂದಾಯಿತು. ಐವತ್ತೆಂಟು. ನಲವತ್ತು. ಹದಿನೇಳು. ಮೇಯಲು ಹೋದ ದನಗಳು ಹಳೆಯ ಒಡೆಯನ ದನಿ ಕೇಳಿ ಹೊರಳಿದಂತೆ ಪೆಟ್ಟಿಗೆಗಳು ಒಂದರ ಹಿಂದೊಂದು ಹೊರಟುಹೋದವು. ಸೊನ್ನೆ! ಐದು ವಾರ ಅವಳ ಪ್ರಾಣ ಹಿಂಡಿದ ದೆವ್ವ ಇದೇ. ಹಳೆಯ ಕಂಟ್ರೋಲರ್ ಎಚ್ಚರಗೊಳ್ಳುತ್ತದೆ, ಎಲ್ಲವನ್ನೂ ತನ್ನತ್ತ ಕರೆಯುತ್ತದೆ, ಈಗಿನ ಜೋಡಣೆಗೆ ಹೊಂದದ ತನ್ನ ಕಾಲದ ಚಾನೆಲ್‌ಗಳನ್ನು ಹೇರುತ್ತದೆ. ಆರಿದ ಮೇಲೆ ಅವು ಅದೇ ಚಾನೆಲ್ ಹೊತ್ತು ಹೊಸದರ ಬಳಿಗೆ ಮರಳುತ್ತವೆ. ಹೊಸದರ ದಾಖಲೆಯಲ್ಲಿ ಹೆಸರು ಸಿಗುವುದಾದರೂ ಎಲ್ಲಿಂದ?

ವೇಣಿ ಫೋನಿನಲ್ಲಿ ಹೆಚ್ಚೂಕಡಿಮೆ ಕಿರುಚಿದಳು. "ಸಾರ್, ಸರ್ವರ್ ರೂಮಿಗೆ ಬನ್ನಿ! ಈಗ್ಲೇ! ಚಪ್ಪಲಿ ಹಾಕ್ಕೊಳ್ದಿದ್ರೂ ಪರವಾಗಿಲ್ಲ!"

ಹರ್ಷವರ್ಧನ್ ಬಂದು ಉರಿಯುವ ದೀಪಗಳನ್ನೂ ಸೊನ್ನೆಯನ್ನೂ ನೋಡುತ್ತ ನಿಂತಿರುವಾಗಲೇ, ಸುತ್ತು ಮುಗಿಸಿದ ವಸಂತಮ್ಮ ಕಂಟ್ರೋಲರ್ ಆರಿಸಲು ಮರಳಿ ಬಂದರು. ಸಾಹೇಬರನ್ನು ಕಂಡು ಬಾಗಿಲಲ್ಲೇ ನಿಂತರು.

"ವಸಂತಮ್ಮ, ಇದನ್ನ ಯಾಕೆ ಹಚ್ತೀರಿ?" ವೇಣಿ ಮೃದುವಾಗಿ ಕೇಳಿದಳು.

"ಮತ್ತೆ ದೀಪ ಆರಿರೋದಕ್ಕೆ ಆರತಿ ಎತ್ತೋಕಾಗುತ್ತಾ ತಾಯಿ? ಒಳ್ಳೇದಲ್ಲ. ಮುಂಚೆ ಇದನ್ನ ಕೂರಿಸೋಕೆ ಬಂದಿದ್ದ ಇಂಜಿನಿಯರ್ ಸಾರ್ ಹೇಳಿದ್ರು, ವಸಂತಮ್ಮ, ಇಡೀ ಕಾರ್ಖಾನೆಗೆ ಇದೇ ಯಜಮಾನ, ಇದಕ್ಕೆ ಮೊದಲು ಕುಂಕುಮ ಇಡು ಅಂತ. ಏಳು ವರ್ಷದಿಂದ ಇಡ್ತಿದೀನಿ. ಈಚೆಗೆ ಪಾಪ ಅದನ್ನ ಯಾರೋ ಆರಿಸಿಟ್ಟಿರ್ತಾರೆ. ಪೂಜೆ ಹೊತ್ತಿಗೆ ಹಚ್ಚಿ, ಆಮೇಲೆ ಇದ್ದಂಗೇ ಆರಿಸಿ ಹೋಗ್ತೀನಿ. ಒಂದ್ ಕಸಾನೂ ಬಿಡಲ್ಲ ಸಾಮಿ, ಬೇಕಾದ್ರೆ ನೋಡಿ." ಅವರು ವೇಣಿಯ ಕಡೆ ತಿರುಗಿದರು. "ತಪ್ಪಾಯ್ತಾ?"

ಹರ್ಷವರ್ಧನ್ ದೊಡ್ಡ ಉಸಿರು ಬಿಟ್ಟರು. "ಇಷ್ಟೇನಾ! ಕ್ಲೀನಿಂಗ್ ಏಜೆನ್ಸಿಗೆ ಫೋನ್ ಮಾಡ್ತೀನಿ, ಸೋಮವಾರದಿಂದ ಬೇರೆಯವರನ್ನ ಕಳಿಸ್ಲಿ. ವೇಣಿ ಮೇಡಂ, ಸಾರಿ. ನಿಮ್ಮ ಮೇಲೆ ಅನುಮಾನ ಪಟ್ಟೆ. ನೀವು ಪಾರಾದ್ರಿ."

ಪಾರಾದ್ರಿ. ಐದು ವಾರದಿಂದ ಕೇಳಬೇಕೆಂದಿದ್ದ ಮಾತು. ವೇಣಿ ವಸಂತಮ್ಮನ ಕೈಯಲ್ಲಿದ್ದ ತಟ್ಟೆಯನ್ನು ನೋಡಿದಳು, ಕಪಾಟನ್ನು ನೋಡಿದಳು. ಹಳೆಯ ಪೆಟ್ಟಿಗೆಗೆ ಚುಚ್ಚಿದ್ದ ನೀಲಿ ಕೇಬಲ್ ಅಲ್ಲೇ ಇತ್ತು. ಅದನ್ನು ಕೀಳದೆ ಬಿಟ್ಟವರು ಯಾರು? ಅಷ್ಟೇ ಅಲ್ಲ. ಪ್ರತಿಯೊಂದು ಬಿಳಿ ಪೆಟ್ಟಿಗೆಯ ಒಳಗೂ 'ಮೊದಲ ಯಜಮಾನ' ಎಂದು ಒಂದು ಹೆಸರು ಬರೆದಿರುತ್ತದೆ. ಆ ಹೆಸರಿನವನು ಎದ್ದರೆ ಉಳಿದವರನ್ನು ಬಿಟ್ಟು ಅವನತ್ತ ಹೋಗಬೇಕೆಂಬ ನಿಯಮ. ಆ ಭಾನುವಾರ ಸಂಭ್ರಮದಲ್ಲಿ ಅವಳು ಆ ಸಾಲನ್ನು ಅಳಿಸಿರಲಿಲ್ಲ. ಅರವತ್ತೆರಡರಲ್ಲೂ ಹಳೆಯ ಹೆಸರೇ ಇತ್ತು.

ಹೇಳದಿದ್ದರೆ ಈ ಕೋಣೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ದೇವರೇ, ಎಂದುಕೊಂಡಳು. ಆಮೇಲೆ ಬಾಯಿ ತೆರೆದಳು.

"ಸಾರ್, ವಸಂತಮ್ಮನ್ನ ತೆಗೀಬೇಡಿ. ಸ್ವಿಚ್ ಒತ್ತಿದ್ದು ಅವರು, ದಾರಿ ತೆರೆದಿಟ್ಟಿದ್ದು ನಾನು."

ಕೇಬಲ್ಲಿನ ವಿಷಯ, ಹೆಸರಿನ ವಿಷಯ, ಎಲ್ಲ ಹೇಳಿದಳು. ಹರ್ಷವರ್ಧನ್ ಅಲುಗಾಡದೆ ಕೇಳಿದರು.

"ಇದನ್ನ ನೀವು ಹೇಳ್ದೇ ಇದ್ರೆ ನನಗೆ ಗೊತ್ತಾಗ್ತಿರ್ಲಿಲ್ಲ."

"ಇಲ್ಲ ಸಾರ್, ಗೊತ್ತಾಗ್ತಿರ್ಲಿಲ್ಲ."

"ಸೋಮವಾರ ಅವರ ಮುಂದೆ ಇದನ್ನ ಹೇಳಿದ್ರೆ ಕೆಲಸ ಹೋದ್ರೂ ಹೋಗಬಹುದು."

"ಹೋಗಬಹುದು ಸಾರ್. ಆದ್ರೆ ಅದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡ್ಬೇಕು. ನಂಗೆ ಮಧ್ಯಾಹ್ನದ ತನಕ ಟೈಮ್ ಕೊಡಿ."

ಊಟಕ್ಕೂ ಏಳಲಿಲ್ಲ. ಹಳೆಯದನ್ನು ಆರಿಸಿ, ಪೆಟ್ಟಿಗೆಗಳೆಲ್ಲ ಮರಳಿದ ಮೇಲೆ ಒಂದೊಂದರಲ್ಲೂ ಹಳೆಯ ಹೆಸರು ಅಳಿಸಿ ಹೊಸದನ್ನು ಬರೆದಳು, ಚಾನೆಲ್ ಸರಿಪಡಿಸಿದಳು. ಶೈಲಾ ಮೊಸರನ್ನದ ಡಬ್ಬಿ ತಂದು ಪಕ್ಕದಲ್ಲಿಟ್ಟು, ಮೊದಲ ಬಾರಿಗೆ ಪಿಸುಮಾತಿನಲ್ಲಿ, "ತಿನ್ನೇ ಮಾರಾಯ್ತಿ" ಎಂದಳು. ಎರಡೂವರೆಗೆ ಅರವತ್ತೆರಡನೆಯದು ಮುಗಿಯಿತು. ಕೇಬಲನ್ನು ಬೇಕೆಂದೇ ಕೀಳದೆ, ಹರ್ಷವರ್ಧನ್ ಎದುರಿಗೇ, "ವಸಂತಮ್ಮ, ನೀವೇ ಹಚ್ಚಿ" ಎಂದಳು.

"ನಾನಾ? ಬೇಡಮ್ಮ, ಈಗಾಗಿದ್ದೇ ಸಾಕು!"

"ಹಚ್ಚಿ ವಸಂತಮ್ಮ, ಧೈರ್ಯವಾಗಿ."

ಫ್ಯಾನು ಗುಂಯ್ ಎಂದಿತು. ಐದು ನಿಮಿಷ. ಎಂಟು. ಹನ್ನೆರಡು. ಮೂವರೂ ಒಂದೇ ಅಂಕಿಯನ್ನು ನೋಡುತ್ತಿದ್ದರು. ಅರವತ್ತೆರಡು. ಇಪ್ಪತ್ತು ನಿಮಿಷ. ಅರವತ್ತೆರಡು! ಹಳೆಯ ಯಜಮಾನ ಕೂಗುತ್ತಲೇ ಇದ್ದ, ಒಬ್ಬರೂ ತಿರುಗಿ ನೋಡಲಿಲ್ಲ. ವೇಣಿ ಚಪ್ಪಾಳೆ ತಟ್ಟಿ ಕುಣಿದೇಬಿಟ್ಟಳು. ಮ್ಯಾನೇಜರ್ ಪಕ್ಕದಲ್ಲಿದ್ದಾರೆಂಬುದು ನೆನಪಾದದ್ದು ಅವರೂ ನಕ್ಕ ಮೇಲೆ. ಆಗಲೇ ನೀಲಿ ಕೇಬಲನ್ನು ಕಿತ್ತು ಸುರುಳಿ ಸುತ್ತಿ ಅವರ ಕೈಗಿಟ್ಟಳು.

"ಏಜೆನ್ಸಿಗೆ ಫೋನ್ ಮಾಡಲ್ಲ" ಎಂದರು ಹರ್ಷವರ್ಧನ್. "ಸೋಮವಾರ ಅವರ ಮುಂದೆ ನಾನು ಮಾತಾಡಲ್ಲ. ನೀವೇ ಮಾತಾಡ್ತೀರಿ."

"ಇಂಗ್ಲಿಷಲ್ಲಾ ಸಾರ್?"

"ಬಂದಷ್ಟು ಇಂಗ್ಲಿಷು, ಉಳಿದಿದ್ದು ಕನ್ನಡ. ಅವರಲ್ಲಿ ಒಬ್ಬರು ತಿಪಟೂರಿನವರೇ."

ಸೋಮವಾರ ಹೆಡ್ ಆಫೀಸಿನ ಮೂವರು ಉದ್ದದ ಮೇಜಿನ ಆಚೆ ಕೂತಿದ್ದರು. ವೇಣಿ ಎರಡು ಪುಟದ ವರದಿ ಹಂಚಿದಳು. ಮೊದಲ ಪುಟದ ಮೊದಲ ಸಾಲಿನಲ್ಲೇ ತನ್ನ ತಪ್ಪನ್ನು ಬರೆದಿದ್ದಳು. ವಸಂತಮ್ಮನ ಹೆಸರು ವರದಿಯಲ್ಲಿ ಇರಲಿಲ್ಲ. 'ಹಳೆಯ ಉಪಕರಣ ಆಗಾಗ ಚಾಲೂ ಆಗುತ್ತಿತ್ತು' ಎಂದಷ್ಟೇ ಇತ್ತು. ತಿಪಟೂರಿನ ಹಿರಿಯರು ಕನ್ನಡಕ ಕೆಳಗಿಳಿಸಿ ಓದಿ, ಹರ್ಷವರ್ಧನ್ ಕಡೆ ತಿರುಗಿದರು.

"ತಪ್ಪು ಇವರದೇ ಅಂತ ಇವರೇ ಬರೆದಿದಾರೆ. ಆದರೂ ಇವರನ್ನೇ ಇಟ್ಕೊಳ್ಳಿ ಅಂತ ನೀವು ಸಹಿ ಹಾಕಿದೀರಿ?"

"ಹೌದು ಸಾರ್. ಹೊರಗಿನವರಾಗಿದ್ರೆ ಕಾರಣ ಅವರಿಗೆ ಸಿಗ್ತಿರ್ಲಿಲ್ಲ. ಸಿಕ್ಕಿದ್ರೂ ಮೊದಲ ಸಾಲು ಬರೀತಿರ್ಲಿಲ್ಲ."

ಹಿರಿಯರು ಹಾಳೆ ಮಡಚಿದರು. "ನಮ್ಮ ಇನ್ನೊಂದು ಕಾರ್ಖಾನೇಲಿ ಮುಂದಿನ ತಿಂಗಳು ಇದೇ ಕಂಟ್ರೋಲರ್ ಬದಲಿಸ್ತಿದೀವಿ. ನೂರ ಹತ್ತು ಪೆಟ್ಟಿಗೆ. ನೀವು ಮಾಡಿದ ತಪ್ಪು ಅಲ್ಲಿ ಆಗಬಾರದು. ಏನು ಮಾಡ್ಬೇಕು ಅಂತ ಹೇಳ್ತೀರಾ?"

"ಹೇಳೋದಲ್ಲ ಸಾರ್, ತೋರಿಸ್ತೀನಿ, ಬನ್ನಿ" ಎಂದವಳೇ ವೇಣಿ ಕುರ್ಚಿ ಹಿಂದೆ ತಳ್ಳಿ ಎದ್ದಳು. ಅವರು ಮೇಜಿನ ಮೇಲಿನ ಕಾಫಿ ಮುಗಿಸುವಷ್ಟರಲ್ಲಿ ಅವಳು ಕಾರಿಡಾರಿನ ಆ ತುದಿಯಲ್ಲಿದ್ದಳು.